ಗಿಡ್ಡಕ್ಕೆ ಬುದ್ಧಿ ಜಾಸ್ತಿಯಾ? ತಲೆಬುರುಡೆ ಅಳೆದವರ ಕಥೆ

ಮಲೆನಾಡು ಗಿಡ್ಡದ ಮೈ ಸಣ್ಣದು, ತಲೆ ಮಾತ್ರ ಅಷ್ಟು ಸಣ್ಣದಲ್ಲ. ಮೈಗೆ ಹೋಲಿಸಿದರೆ ಮೆದುಳು ದೊಡ್ಡದು, ಅದಕ್ಕೇ ಊರ ದನಕ್ಕೆ ಬುದ್ಧಿ ಜಾಸ್ತಿ, ಎಚ್‌ಎಫ್ ದಡ್ಡ. ಈ ಮಾತು ಬಂಟ್ವಾಳದಿಂದ ಮೂಡುಬಿದಿರೆವರೆಗೆ ಹಾಲಿನ ಸೊಸೈಟಿ ಜಗಲಿಯಲ್ಲೆಲ್ಲ ಕೇಳಲಿಕ್ಕೆ ಸಿಗ್ತದೆ. ಗಿಡ್ಡ ಸಾಕುವವನಾಗಿ ನನಗೂ ಕೇಳಿದರೆ ಖುಷಿಯೇ. ಆದರೆ ಆ ಲೆಕ್ಕ ನಿಲ್ಲುವುದಿಲ್ಲ. ನಿಲ್ಲುವ ಲೆಕ್ಕ ಬೇರೆ ಒಂದು ಉಂಟು.

ದನದ ಮೆದುಳು ಸುಮಾರು 450 ಗ್ರಾಂ. 600 ಕೆಜಿ ದನಕ್ಕೆ ಅದು ನೂರಕ್ಕೆ 0.075 ಪಾಲು. ಅದೇ ದನ ಗಬ್ಬವಾಗಿ 50 ಕೆಜಿ ಏರಿದರೆ ಪಾಲು ಇಳೀತದೆ. ಬುದ್ಧಿಯೂ ಇಳೀತದಾ ಮಾರಾಯ್ರೆ? ಪಾಲಿನ ಲೆಕ್ಕವೇ ನೋಡುವುದಾದರೆ ಗುಬ್ಬಚ್ಚಿ ಮನುಷ್ಯನನ್ನು ಸುಲಭದಲ್ಲಿ ಮೀರಿಸ್ತದೆ. ಇದನ್ನು 1890ರ ದಶಕದ ಆರಂಭದಲ್ಲೇ ಜರ್ಮನಿಯ ಒಟ್ಟೊ ಸ್ನೆಲ್ ಎಂಬ ಮನೋವೈದ್ಯ ಬಿಡಿಸಿ ಹೇಳಿದ್ದ. ಮೈ ಬೆಳೆದಷ್ಟು ವೇಗದಲ್ಲಿ ಮೆದುಳು ಬೆಳೆಯುವುದಿಲ್ಲ. ಅವನ ಸೂತ್ರದ ಪ್ರಕಾರ ಪ್ರಾಣಿಯ ತೂಕ 8 ಪಟ್ಟಾದರೆ ಮೆದುಳು 4 ಪಟ್ಟು ಮಾತ್ರ. ಒಂದೇ ಜಾತಿಯೊಳಗೆ ಸಣ್ಣದು–ದೊಡ್ಡದು ಹೋಲಿಸಿದರೆ ಏರಿಕೆ ಇನ್ನೂ ನಿಧಾನ. ಅಂದರೆ ಗಿಡ್ಡಕ್ಕೆ ಹೆಚ್ಚು ಪಾಲು ಬರುವುದು ಅದು ಗಿಡ್ಡ ಆದ ಕಾರಣಕ್ಕೆ, ಅಷ್ಟೆ.

ಸರಿಯಾಗಿ ಹೋಲಿಸಬೇಕಾದ್ದು ಸಾಕು ಪ್ರಾಣಿಯನ್ನು ಅದರ ಕಾಡಿನ ಮೂಲದ ಜೊತೆ, ಮೈ ತೂಕದ ವ್ಯತ್ಯಾಸ ಕಳೆದು. ಆ ಕೆಲಸಕ್ಕೆ ಮೊದಲು ಕೈ ಹಾಕಿದವರಲ್ಲಿ ಡಾರ್ವಿನ್ ಒಬ್ಬ. 1868ರ ಪುಸ್ತಕದಲ್ಲಿ ಅವನು ಕಾಡು ಮೊಲ, ಸಾಕು ಮೊಲಗಳ ತಲೆಬುರುಡೆ ಅಳೆದು ಬರೆದಿದ್ದಾನೆ: ಸಾಕು ಮೊಲದ ಮೈ ಉಬ್ಬಿದೆ, ಮೆದುಳು ಅದಕ್ಕೆ ತಕ್ಕಂತೆ ಬೆಳೆದಿಲ್ಲ. ತಲೆಮಾರುಗಟ್ಟಲೆ ಗೂಡಲ್ಲಿ ಕೂತು ಓಡುವ, ಅಡಗುವ ಕೆಲಸ ಇಲ್ಲದೆ ಹೀಗಾಯಿತು ಅಂತ ಅವನ ಅಂದಾಜು. ಈಗಿನವರು ಹೇಳುವುದು ಬೇರೆ. ಹೆದರಿ ಓಡುವುದನ್ನು, ಹಾಯುವುದನ್ನು ನಾವು ಮರಿಗೆ ಇಟ್ಟುಕೊಳ್ಳಲಿಲ್ಲ. ಸಾಧುವಾದದ್ದನ್ನೇ ಆರಿಸಿ ಆರಿಸಿ ಸಾಕಿದೆವು.

ಆಮೇಲೆ ಜರ್ಮನಿಯ ಕೀಲ್ ಊರಿನವರು ಇದನ್ನೇ ಹಿಡಿದು ಕೂತರು. ಅಲ್ಲಿನ ಡೀಟರ್ ಕ್ರುಸ್ಕ ಕೊಟ್ಟ ಲೆಕ್ಕದಲ್ಲಿ ಸಾಕು ಹಂದಿಯ ಮೆದುಳು ಅದೇ ತೂಕದ ಕಾಡುಹಂದಿಯದ್ದಕ್ಕಿಂತ ಸುಮಾರು 34 ಶೇಕಡಾ ಸಣ್ಣ. ತಿರುಗಿಸಿ ಹೇಳಿದರೆ ರಾತ್ರಿ ನಮ್ಮ ತೋಟಕ್ಕೆ ನುಗ್ಗುವವನ ತಲೆಯಲ್ಲಿ ಸಾಕಿದವನ ಒಂದೂವರೆ ಪಟ್ಟು ಉಂಟು. ಬೇಲಿ ಕಟ್ಟಿದವರಿಗೆ ಇದು ಹೊಸ ಸುದ್ದಿಯೇನಲ್ಲ! ಗ್ಯಾಲಪಗೋಸ್ ದ್ವೀಪದಲ್ಲಿ ಸಾಕು ಹಂದಿಗಳು ತಪ್ಪಿಸಿಕೊಂಡು ಕಾಡುಪಾಲಾಗಿ ಎಷ್ಟೋ ತಲೆಮಾರು ಕಳೆದಿತ್ತು. ಅವುಗಳ ಮೆದುಳನ್ನೂ ನೋಡಿದರು. ಕಳೆದುಕೊಂಡದ್ದು ವಾಪಸು ಬಂದಿರಲಿಲ್ಲ.

ದನದ ಸರದಿ ಬಂದದ್ದು ತೀರಾ ಈಚೆಗೆ. ಯುರೋಪಿನ ದನದ ಕಾಡು ಮೂಲ ಆರಕ್ಸ್. ಕೊನೆಯದ್ದು 1627ರಲ್ಲಿ ಪೋಲೆಂಡಿನಲ್ಲಿ ಸತ್ತಿತು. ನಮ್ಮ ಹಿಣಿಲಿನ ದನ ಬಂದದ್ದು ಅದರ ಭಾರತದ ದಾಯಾದಿಯಿಂದ, ಸಿಂಧೂ ಬಯಲಿನ ಕಡೆ, ಸುಮಾರು 8000 ವರ್ಷ ಹಿಂದೆ. (ಚಾರ್ಮಾಡಿ, ಕುದುರೆಮುಖದ ಕಾಟಿ ನಮ್ಮ ದನದ ಅಜ್ಜ ಅಂತ ಹೇಳುವವರಿದ್ದಾರೆ. ಅಲ್ಲ, ಅದು ಬೇರೆಯೇ ಜಾತಿ.) 2021ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದವರು 13 ಆರಕ್ಸ್ ಬುರುಡೆಗಳನ್ನು 71 ತಳಿಯ ಸಾಕು ದನಗಳ ಬುರುಡೆ ಜೊತೆ ಹೋಲಿಸಿದರು. ಸಾಕು ದನದ ಮೆದುಳು ಸುಮಾರು ಕಾಲು ಭಾಗ ಸಣ್ಣ. ನನಗೆ ಮುಖ್ಯ ಅನಿಸಿದ್ದು ಇದಕ್ಕಿಂತ ಮುಂದಿನ ಮಾತು: ಎಲ್ಲ ತಳಿಯಲ್ಲಿ ಇಳಿಕೆ ಒಂದೇ ಸಮ ಇಲ್ಲ. ಬಯಲಲ್ಲೇ ಬೆಳೆದು ಮನುಷ್ಯರ ಕೈಗೆ ಅಪರೂಪಕ್ಕೆ ಸಿಗುವ ಸ್ಪೇನ್ ಕಡೆಯ ಕಾಳಗದ ಗೂಳಿಗಳಲ್ಲಿ ಇಳಿಕೆ ಕಡಿಮೆ. ದಿನಕ್ಕೆ ಎರಡು ಸಲ ಕೈ ಮುಟ್ಟಿಸಿಕೊಳ್ಳುವ ಹಾಲಿನ ತಳಿಗಳಲ್ಲಿ ಅತಿ ಹೆಚ್ಚು.

ಈಗ ನಮ್ಮ ಗುಡ್ಡೆಗೆ ಬನ್ನಿ. ಗಿಡ್ಡ ಅಂದರೆ ಬೆಳಗ್ಗೆ ಹಟ್ಟಿಯಿಂದ ಬಿಟ್ಟರೆ ಕುಮ್ಕಿ, ಗುಡ್ಡೆ ಎಲ್ಲ ಮೇಯ್ದು ಸಂಜೆ ತಾನೇ ಬರುವ ದನ. ಹೋರಿಯನ್ನು ಆರಿಸಿದ್ದು ನಾವಲ್ಲ, ಗುಡ್ಡೆಯಲ್ಲಿ ಗೆದ್ದದ್ದೇ ಹೋರಿ. ಚಿರತೆ ವಾಸನೆ ಹಿಡಿಯದ ಕರು ಉಳಿಯುತ್ತಿರಲಿಲ್ಲ. ಅದನ್ನು ನಾವು ಕೆಚ್ಚಲು ನೋಡಿ, ಸಾಧು ಗುಣ ನೋಡಿ ಬೆಳೆಸಲೇ ಇಲ್ಲ. ಈಗ ಆ ಗುಡ್ಡೆಗಳಲ್ಲಿ ರಬ್ಬರ್ ಉಂಟು, ಅಡಿಕೆ ಉಂಟು. ಒಂದೇ ತಲೆಮಾರಲ್ಲಿ ಗುಡ್ಡೆಯ ದನವನ್ನು ತಂದು ಹಗ್ಗಕ್ಕೆ ಕಟ್ಟಿದೆವು. ಅದು ಒದ್ದರೆ, ಬೇಲಿ ಹಾರಿದರೆ ಪೋಕರಿ ಅಂತ ಹೆಸರಿಟ್ಟೆವು. ಅತ್ತ ನೂರಾರು ವರ್ಷ ಕೈಯಲ್ಲೇ ಬೆಳೆದ ಜಾತಿಯ ಎಚ್‌ಎಫ್ ಮಳೆಗಾಲದಲ್ಲಿ ತೋಡಿನ ಬದಿಗೆ ಹೋಗಿ ಜಾರಿ ಬಿದ್ದರೆ ದಡ್ಡ ಅಂದೆವು. ಒಂದಕ್ಕೆ ಅಪಾಯ ನೋಡಿಕೊಳ್ಳುವ ಕೆಲಸ ಕೊನೆಯವರೆಗೂ ಇತ್ತು, ಇನ್ನೊಂದರ ಕೈಯಿಂದ ಅದನ್ನು ನಾವೇ ತೆಗೆದುಕೊಂಡದ್ದು. ತೋಡಿನ ಬದಿಗೆ ಬೇಲಿ ಹಾಕುವುದು ಆಗ ಯಾರ ಕೆಲಸ?

(ಕಂಬಳದ ಕೋಣವನ್ನು ದಯವಿಟ್ಟು ಈ ಲೆಕ್ಕಕ್ಕೆ ಎಳೆಯಬೇಡಿ. ಅದರ ಮೂಲ ಕಾಡೆಮ್ಮೆ, ಅದರ ದಾರಿಯೇ ಬೇರೆ.)

ಮೆದುಳು ಸಣ್ಣದಾದದ್ದೆಲ್ಲ ದಡ್ಡ ಅನ್ನುವುದೂ ಸುಳ್ಳು. ಹಂದಿ, ಕುರಿಗಳಲ್ಲಿ ಹೆಚ್ಚು ಕುಗ್ಗಿದ್ದು ಹೆದರಿಕೆ, ಸಿಟ್ಟು ನೋಡಿಕೊಳ್ಳುವ ಭಾಗ. ಸ್ವೀಡನ್ನಿನ ಲಿನ್‌ಶೋಪಿಂಗ್‌ನಲ್ಲಿ ಪೆರ್ ಯೆನ್ಸೆನ್ ಅವರ ತಂಡ ಕೆಂಪು ಕಾಡುಕೋಳಿಗಳಲ್ಲಿ ಮನುಷ್ಯರಿಗೆ ಹೆದರದವುಗಳನ್ನೇ ಆರಿಸಿ ಬೆಳೆಸಿತು. ಹತ್ತು ತಲೆಮಾರಿಗೇ ಮೈ ದೊಡ್ಡದಾಗಿ, ಮೈಗೆ ಹೋಲಿಸಿದರೆ ಮೆದುಳು ಸಣ್ಣದಾಗಿತ್ತು. ಆದರೆ ಸುಮ್ಮನೆ ಹೆದರಿಸುವ ವಸ್ತುವಿನಿಂದ ತೊಂದರೆ ಇಲ್ಲ ಅಂತ ಬೇಗ ಕಲಿತದ್ದು ಅವೇ. ದಿನಾ ಬೈಕು, ಕಳೆ ಕೊಚ್ಚುವ ಮಿಷಿನ್ ಶಬ್ದ ಕೇಳುವ ಹಟ್ಟಿಯಲ್ಲಿ ಇದು ಸಣ್ಣ ಬುದ್ಧಿ ಅಲ್ಲ.

2021ರಲ್ಲೇ ಜರ್ಮನಿಯಲ್ಲಿ 16 ಕರುಗಳಿಗೆ ಒಂದು ನಿಗದಿ ಜಾಗದಲ್ಲಿ ಗಂಜಲ ಬಿಡಲಿಕ್ಕೆ ಕಲಿಸಿದರು, 11 ಕಲಿತವು. ಸರಿ ಜಾಗದಲ್ಲಿ ಬಿಟ್ಟರೆ ತಿನ್ನಲಿಕ್ಕೆ ಕುಡಿಯಲಿಕ್ಕೆ ಏನಾದರೂ ರುಚಿಯದ್ದು, ತಪ್ಪಿದರೆ ಮೈಮೇಲೆ ಸ್ವಲ್ಪ ನೀರು. ಕೋಲು ಬೇಕಾಗಲಿಲ್ಲ.