ಕೆರೆಗೆ ಆರು ದೋಷ, ನನ್ನ ಕಂಪ್ಯೂಟರಿಗೂ ಅವೇ ಆರು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹೊಸಪೇಟೆಯಿಂದ ಮಾತಾಡ್ತಾ ಇದ್ದೀನಿ. ಹೋದ ಸಂಚಿಕೆಯಲ್ಲಿ ನನ್ನ ಮಾತಿನ ಹಿಂದೆ ಏನೋ ಸದ್ದು ಕೇಳಿಸ್ತಿತ್ತು, ಏನದು ಅಂತ ಸುಮಾರು ಜನ ಕೇಳಿದ್ರಿ. ಒಬ್ಬರು ಪಕ್ಕದಲ್ಲಿ ಹಿಟ್ಟಿನ ಗಿರಣಿ ಇದೆಯಾ ಅಂದ್ರು. ಗಿರಣಿ ಅಲ್ಲ ಸರ್, ನನ್ನ ಕಂಪ್ಯೂಟರಿನ ಫ್ಯಾನು.

ನನ್ನ ರೂಮು ಮಹಡಿ ಮೇಲಿದೆ. ತಲೆ ಮೇಲೆ ನೇರವಾಗಿ ಆರ್‌ಸಿಸಿ ಸ್ಲ್ಯಾಬ್. ಏಪ್ರಿಲ್ ಬಂತು ಅಂದ್ರೆ ಹೊರಗೆ 40 ಡಿಗ್ರಿ, ಸಂಜೆ ಏಳಕ್ಕೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತೆ. ಹಗಲು ಇದೇ ಕಂಪ್ಯೂಟರಿನಲ್ಲಿ ಆಡಿಯೋ ಎಡಿಟ್ ಮಾಡ್ತೀನಿ, ರಾತ್ರಿ ಗೇಮ್ ಆಡ್ತೀನಿ. ಬೇಸಿಗೆಯಲ್ಲಿ ಎರಡಕ್ಕೂ ಫ್ಯಾನುಗಳು ಪೂರ್ತಿ ಸ್ಪೀಡಿನಲ್ಲಿ ಕೂಗ್ತವೆ. ಕಿಟಕಿ ಮುಚ್ಚಿದರೆ ನಾನು ಬೇಯ್ತೀನಿ, ತೆರೆದರೆ ಬೀದಿಯೆಲ್ಲಾ ಮೈಕ್‌ನೊಳಗೆ ಬರುತ್ತೆ. ಅದಕ್ಕೇ ಈ ವರ್ಷ ಕಂಪ್ಯೂಟರಿಗೆ ವಾಟರ್ ಕೂಲಿಂಗ್ ಹಾಕಿಸೋಣ ಅಂತ ಹೊರಟೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗೋದಲ್ಲ. ಒಂದೊಂದು ಭಾಗ ಆರಿಸಿ, ಪೈಪ್ ಕತ್ತರಿಸಿ, ನಾವೇ ಜೋಡಿಸೋದು, ಕಸ್ಟಮ್ ಲೂಪ್ ಅಂತಾರಲ್ಲ, ಅದು.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಚಿಪ್ ಮೇಲೆ ತಾಮ್ರದ ಒಂದು ಬ್ಲಾಕ್ ಕೂರುತ್ತೆ. ಅದರೊಳಗೆ ನೀರು ಹರಿದು ಬಿಸಿ ಎತ್ತಿಕೊಳ್ಳುತ್ತೆ. ಒಂದು ಪುಟ್ಟ ಪಂಪು ಆ ನೀರನ್ನು ರೇಡಿಯೇಟರಿಗೆ ತಳ್ಳುತ್ತೆ, ಅಲ್ಲಿ ನಿಧಾನವಾಗಿ ತಿರುಗೋ ಫ್ಯಾನುಗಳು ಬಿಸಿಯನ್ನು ಗಾಳಿಗೆ ಬಿಡ್ತವೆ. ನೀರು ಮತ್ತೆ ಪುಟ್ಟ ಟ್ಯಾಂಕಿಗೆ, ಅಲ್ಲಿಂದ ಪಂಪಿಗೆ. ಲಾರಿ ಎಂಜಿನ್ನಿನಲ್ಲಿ ಇರೋದು ಇದೇ. ಒಂದು ಲೀಟರ್ ನೀರು ಒಂದು ಡಿಗ್ರಿ ಏರುವಾಗ ಹೊರುವ ಶಾಖ, ಒಂದು ಲೀಟರ್ ಗಾಳಿ ಹೊರೋದಕ್ಕಿಂತ ಮೂರು ಸಾವಿರ ಪಟ್ಟಿಗೂ ಹೆಚ್ಚು. ಅದಕ್ಕೇ ಫ್ಯಾನು ಕೂಗಬೇಕಾಗಿಲ್ಲ.

ಇದೇನು ಹೊಸ ಹುಚ್ಚಲ್ಲ. 1960ರ ದಶಕದಲ್ಲೇ ಐಬಿಎಂ ತನ್ನ ದೊಡ್ಡ ಕಂಪ್ಯೂಟರುಗಳಿಗೆ ನೀರಿನ ಪೈಪು ಹಾಕಿತ್ತು. 1985ರ ಕ್ರೇ-2 ಸೂಪರ್ ಕಂಪ್ಯೂಟರಿನ ಸರ್ಕ್ಯೂಟುಗಳು ವಿದ್ಯುತ್ ಹರಿಯದ ಒಂದು ದ್ರವದಲ್ಲಿ ಮುಳುಗಿ ಕೂತಿದ್ದವು. ಮನೆಗೆ ಬಂದದ್ದು 1990ರ ದಶಕದ ಕೊನೆಗೆ. 1998ರಲ್ಲಿ ಇಂಟೆಲ್ ಸೆಲೆರಾನ್ 300ಎ ಬಂತು. 300 ಮೆಗಾಹರ್ಟ್ಸ್‌ನ ಆ ಚಿಪ್ಪನ್ನು ಹುಡುಗರು 450ಕ್ಕೆ ಓಡಿಸಿದರು. ಆ ಕಾಲದ ಹವ್ಯಾಸಿಗಳು ಮೀನಿನ ತೊಟ್ಟಿಯ ಪಂಪು, ಹಳೇ ಕಾರಿನ ಹೀಟರಿನಿಂದ ಕಿತ್ತ ರೇಡಿಯೇಟರ್ ಕಟ್ಟಿಕೊಂಡು ಕೆಲಸ ಮಾಡಿದವರು. ಇವತ್ತಿಗೂ ಈ ಲೂಪಿನ ಫಿಟಿಂಗುಗಳಿಗೆ ಇರೋದು ಕಾಲು ಇಂಚಿನ ಬ್ರಿಟಿಷ್ ಪೈಪ್ ಥ್ರೆಡ್. ನಮ್ಮ ಬಚ್ಚಲಿನ ನಲ್ಲಿಯ ಅರ್ಧ ಇಂಚಿನ ಥ್ರೆಡ್ಡೂ ಅದೇ ವಂಶದ್ದು. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರನ್ನೂ ತಂಪಾಗಿಡೋದು ಹರಿಯೋ ದ್ರವವೇ.

ನಾನು ಓದಿದ್ದು ಬಿಕಾಂ. ಹಾಗಾಗಿ ಮೊದಲು ಎಕ್ಸೆಲ್ ಶೀಟ್ ಮಾಡಿದೆ. ಒಟ್ಟು 58,000 ರೂಪಾಯಿ ಬಂತು. ಎರಡು ವರ್ಷ ಕೂಡಿಟ್ಟ ದುಡ್ಡು ಅದು. ಶೀಟನ್ನು ಅಮ್ಮನಿಗೆ ತೋರಿಸಿದೆ. ಅಮ್ಮ ಕೊನೇ ಸಾಲು ನೋಡಿ ಒಂದೇ ಮಾತು ಕೇಳಿದ್ರು: "ಇಷ್ಟು ದುಡ್ಡಿಗೆ ಮನೆಗೆ ಒಂದು ಎಸಿ ಬರ್ತಿತ್ತಲ್ಲೋ?" ನನ್ನ ಹತ್ರ ಉತ್ತರ ಇರಲಿಲ್ಲ.

ಉತ್ತರ ಹುಡುಕ್ಕೊಂಡು ಹೋದದ್ದು ರೇಡಿಯೇಟರ್ ರಿಪೇರಿ ಮಾಡೋ ಒಬ್ಬ ಹಿರಿಯರ ಹತ್ರ. ಸಂಡೂರಿನ ಗಣಿ ಲಾರಿಗಳು ಸಾಲಾಗಿ ನಿಲ್ಲುತ್ತಿದ್ದ ಕಾಲದಿಂದ ಅವರಿಗೆ ಅದೇ ಕೆಲಸ. ನನ್ನ ಚಿತ್ರ ನೋಡಿ ನಕ್ಕರು. "ತಮ್ಮಾ, ನೀರಿಗೆ ತಂಪು ಮಾಡಾಕ ಬರಂಗಿಲ್ಲ. ಬಿಸಿ ಹೊತ್ಕೊಂಡು ಹೋಗಾಕ ಬರ್ತೈತಿ, ಅಷ್ಟ. ಕೊನೀಗೆ ಬಿಡೋದು ಗಾಳಿಗೇ. ಆ ಗಾಳೀನೇ ಕಾದಿದ್ರ ಎಲ್ಲಿಗೆ ಬಿಡ್ತಿ?" ಅಂದ್ರು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹಂಪಿಯಲ್ಲಿ ಕಮಲ ಮಹಲಿನ ಮುಂದೆ ನಿಂತರೆ, ಅಲ್ಲಿ ನೀರು ಹರಿಸಿ ತಂಪು ಮಾಡ್ತಿದ್ರು ಅಂತ ಗೈಡುಗಳು ಹೇಳ್ತಾರೆ. ನಾನು ಗೈಡುಗಳ ಮಾತು ಬಿಟ್ಟು, ಕಲ್ಲಿನಲ್ಲಿ ಬರೆದದ್ದನ್ನು ಓದೋಣ ಅಂದುಕೊಂಡೆ. ಸಿಕ್ಕಿದ್ದು ಪೋರುಮಾಮಿಳ್ಳ ಶಾಸನ.

ಇದು ಇರೋದು ಆಂಧ್ರದ ಕಡಪ ಜಿಲ್ಲೆಯಲ್ಲಿ. ಆಗ ಅದು ವಿಜಯನಗರದ ಸೀಮೆ. ಒಂದನೇ ಬುಕ್ಕರಾಯನ ಮಗ ಭಾಸ್ಕರ ಅಲ್ಲೊಂದು ದೊಡ್ಡ ಕೆರೆ ಕಟ್ಟಿಸಿ 1369ರಲ್ಲಿ ಸಂಸ್ಕೃತದಲ್ಲಿ ಶಾಸನ ಬರೆಸಿದ. ದಿನಕ್ಕೆ ಸಾವಿರ ಆಳು, ಕಲ್ಲಿಗೆ ನೂರು ಗಾಡಿ, ಎರಡು ವರ್ಷದ ಕೆಲಸ ಅಂತ ಲೆಕ್ಕ ಕೊಟ್ಟಿದೆ. ಅಷ್ಟೇ ಆಗಿದ್ದರೆ ನಾನು ಮುಂದೆ ಹೋಗ್ತಿದ್ದೆ. ಅದರಲ್ಲಿ ಒಳ್ಳೇ ಕೆರೆಗೆ ಬೇಕಾದ ಹನ್ನೆರಡು ಸಾಧನಗಳ ಪಟ್ಟಿ ಇದೆ, ಕೆರೆಯನ್ನು ಕೆಡಿಸೋ ಆರು ದೋಷಗಳ ಪಟ್ಟಿಯೂ ಇದೆ. ಸಾಧನಗಳಲ್ಲಿ ಮೊದಲನೆಯದು ಧರ್ಮ ಬಲ್ಲ, ದುಡ್ಡಿರೋ ದೊರೆ. ಎರಡನೆಯದು ನೀರಿನ ಶಾಸ್ತ್ರ ತಿಳಿದವನು. ಕೊನೆಯದು ಕೆಲಸ ಬಲ್ಲ ಆಳುಗಳು. ಫೈನಾನ್ಸು, ಕನ್ಸಲ್ಟೆಂಟು, ಲೇಬರು! ನಮ್ಮ ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟಿನ ಕ್ರಮವೂ ಇದೇ ಇತ್ತು. ಆದ್ರೆ ನನಗೆ ಬೇಕಾಗಿದ್ದದ್ದು ಆರು ದೋಷ. ಒಂದೊಂದನ್ನೂ ನನ್ನ ಶೀಟಿನ ಪಕ್ಕ ಇಟ್ಟೆ.

ಒಂದನೇ ದೋಷ, ಏರಿಯಿಂದ ನೀರು ಜಿನುಗೋದು. ಇದರ ಭಯ ಹೊಸಪೇಟೆಯವರಿಗೆ ಹೇಳಿಕೊಡಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯ್ತು. 33 ಗೇಟಿನಲ್ಲಿ ಒಂದೇ ಒಂದು. ಅದಕ್ಕೆ ಸ್ಟಾಪ್‌ಲಾಗ್ ಇಳಿಸಲಿಕ್ಕೆ ತುಂಬಿದ್ದ ಜಲಾಶಯದ ನೀರನ್ನೇ ಹೊರಗೆ ಬಿಡಬೇಕಾಯ್ತು, ಸುಮಾರು ಒಂದು ವಾರ ಹಿಡೀತು. ಇಲ್ಲಿಂದ ನಾನು ಕಲಿತದ್ದು ಎರಡು. ನೀರು ತುಂಬೋ ಮೊದಲು ಲೂಪಿಗೆ ಕೈಪಂಪಿನಿಂದ ಗಾಳಿ ತುಂಬಿ ಒತ್ತಡ ಇಳಿಯುತ್ತಾ ನೋಡಬೇಕು. ಆಮೇಲೆ ಕಂಪ್ಯೂಟರಿಗೆ ಕರೆಂಟು ಕೊಡದೆ ಪಂಪು ಮಾತ್ರ ಒಂದು ದಿನ ಪೂರ್ತಿ ಓಡಿಸಿ, ಪ್ರತಿ ಜಾಯಿಂಟಿನ ಕೆಳಗೆ ಟಿಶ್ಯೂ ಇಟ್ಟು ಕಾಯಬೇಕು. ಇನ್ನೊಂದು, ಕೆರೆಗೆ ತೂಬು ಇದ್ದ ಹಾಗೆ ಲೂಪಿನ ಅತಿ ತಗ್ಗಿನಲ್ಲಿ ನೀರು ಬಿಡೋಕೆ ಒಂದು ವಾಲ್ವು. ನನ್ನ ಮೊದಲ ಪಟ್ಟಿಯಲ್ಲಿ ಆ ತೂಬೇ ಇರಲಿಲ್ಲ.

ಎರಡನೇ ದೋಷ, ಉಪ್ಪು ನೆಲ. ನಮ್ಮ ಬೋರ್ ನೀರು ಕಾಸಿದ ಪಾತ್ರೆಯಲ್ಲಿ ಬಿಳೀ ಪದರ ಕೂರುತ್ತಲ್ಲ, ಅದೇ ಪದರ ಬ್ಲಾಕಿನೊಳಗಿನ ಕೂದಲೆಳೆಯಂಥ ಸಂದುಗಳಲ್ಲಿ ಕೂತರೆ ಕಥೆ ಮುಗೀತು. ಡಿಸ್ಟಿಲ್ಡ್ ನೀರೇ ಆಗಬೇಕು, ಪಾಚಿ ಕಟ್ಟದ ಹಾಗೆ ಅದಕ್ಕೊಂದು ಔಷಧಿ ಸೇರಿಸಬೇಕು. ತಾಮ್ರದ ಬ್ಲಾಕಿನ ಜೊತೆ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿದರೆ ಎರಡು ಲೋಹ ಸೇರಿ ಅಲ್ಯೂಮಿನಿಯಂ ತಿಂದು ಹೋಗುತ್ತೆ. ನಾನು ಅಗ್ಗ ಅಂತ ಹಾಕಿಕೊಂಡಿದ್ದು ಅಲ್ಯೂಮಿನಿಯಂದೇ!

ಮೂರನೇ ದೋಷ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ. ಓದಿ ನಗು ಬಂತು. ನಮ್ಮ ಡ್ಯಾಮಿನ ನೀರನ್ನು ಮೂರು ರಾಜ್ಯ ಹಂಚಿಕೊಳ್ತವೆ, ನೋಡಿಕೊಳ್ಳೋಕೆ 1953ರಿಂದ ತುಂಗಭದ್ರಾ ಮಂಡಳಿಯೇ ಬೇಕಾಗಿದೆ. ಕಂಪ್ಯೂಟರಿನಲ್ಲಿ ಈ ಗಡಿ ಅಂದ್ರೆ ವಾರಂಟಿ. ಗ್ರಾಫಿಕ್ಸ್ ಕಾರ್ಡಿನ ಕೂಲರ್ ಬಿಚ್ಚಿ ಬೇರೆ ಕಂಪನಿಯ ಬ್ಲಾಕ್ ಹಾಕಿದ ಮೇಲೆ ಕಾರ್ಡ್ ಕೆಟ್ಟರೆ ಯಾರ ಬಾಗಿಲು ತಟ್ಟೋದು? ಬಿಚ್ಚೋ ಮೊದಲು ಇಬ್ಬರ ಷರತ್ತನ್ನೂ ಓದಬೇಕು.

ನಾಲ್ಕನೇ ದೋಷ, ಕೆರೆಯ ನಡುವೆ ಆಮೆಯ ಬೆನ್ನಿನ ಹಾಗೆ ದಿಬ್ಬ. ಲೂಪಿನಲ್ಲಿ ಪೈಪು ಎಲ್ಲಿ ಉಬ್ಬಿ ಮೇಲೇಳುತ್ತೋ ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತೆ, ನೀರು ಗುಳುಗುಳು ಅನ್ನುತ್ತೆ. ಸದ್ದು ಹೋಗಲಿ ಅಂತ ಮಾಡಿದ್ದೇ ಸದ್ದು ಮಾಡುತ್ತೆ. ಟ್ಯಾಂಕು ಎಲ್ಲಕ್ಕಿಂತ ಮೇಲೆ, ಪಂಪು ಅದರ ಕೆಳಗೆ. ಹಂಪಿಯ ಅರಮನೆ ಆವರಣದಲ್ಲಿ ಕಲ್ಲಿನ ಕಂಬಗಳ ಮೇಲೆ ಹೋಗೋ ನೀರಿನ ದೋಣಿಸಾಲು ನೋಡಿದ್ದೀರಲ್ಲ? ಯಾವ ಪಂಪೂ ಇಲ್ಲದೆ, ಬರೀ ಇಳಿಜಾರಿನ ಲೆಕ್ಕದಲ್ಲಿ ನೀರನ್ನು ಕೊಳಕ್ಕೆ ಮುಟ್ಟಿಸಿದವರು ಅವರು. ಅಲ್ಲಿನ ಮೆಟ್ಟಿಲ ಪುಷ್ಕರಣಿಯ ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು ಅಂತ ಗುರುತು ಕೆತ್ತಿದ್ದಾರೆ. ಬೇರೆ ಕಡೆ ಕೆತ್ತಿ, ತಂದು ಜೋಡಿಸಿದ್ದು ಅದು. ನಾನೂ ಪ್ರತಿ ಪೈಪಿಗೆ ನಂಬರ್ ಹಾಕಬೇಕು ಅಂತ ಬರೆದುಕೊಂಡೆ.

ಐದನೇ ದೋಷಕ್ಕೆ ಬಂದಾಗ ಕೈ ನಿಂತಿತು. ನೀರು ಕಡಿಮೆ, ನೆಲ ಹೆಚ್ಚು. ನನ್ನ ಪ್ರೊಸೆಸರ್ ಮತ್ತು ಕಾರ್ಡ್ ಸೇರಿ ಸುಮಾರು 350 ವಾಟ್ ಶಾಖ. ನಾನು ಬರೆದದ್ದು 240 ಮಿಲಿಮೀಟರಿನ ಒಂದೇ ರೇಡಿಯೇಟರ್, ಅಂದ್ರೆ ಎರಡು ಫ್ಯಾನಿನ ಜಾಗ. ಒಂದು ಫ್ಯಾನಿನ ಜಾಗಕ್ಕೆ ಸುಮಾರು 100 ವಾಟ್ ಅನ್ನೋದು ಹವ್ಯಾಸಿಗಳ ಅಂದಾಜು ಲೆಕ್ಕ, ಅದೂ ತಂಪು ದೇಶದವರ ಲೆಕ್ಕ. ನನ್ನ ರೂಮಿನ ಗಾಳಿಯೇ 38 ಇದ್ದರೆ ನೀರು ಅದಕ್ಕಿಂತ ತಣ್ಣಗಾಗೋದು ಸಾಧ್ಯವೇ ಇಲ್ಲ. ರೇಡಿಯೇಟರ್ ಸಾಕಷ್ಟಿದ್ದರೂ ಹತ್ತು ಡಿಗ್ರಿ ಮೇಲೆ, 48ರಲ್ಲಿ ನಿಲ್ಲುತ್ತೆ. ಚಿಕ್ಕದಾದರೆ 60ರ ಕಡೆ ಓಡುತ್ತೆ. ಪಂಪು ಮಾಡೋರು, ಗಟ್ಟಿ ಪ್ಲಾಸ್ಟಿಕ್ ಪೈಪು ಮಾಡೋರು ಎಚ್ಚರಿಕೆ ಕೊಡೋದು ಆ 60ಕ್ಕೇ. ರಿಪೇರಿ ಮಾಮ ಹೇಳಿದ್ದೂ ಇದನ್ನೇ, 1369ರ ಕಲ್ಲು ಹೇಳಿದ್ದೂ ಇದನ್ನೇ. ನಾನು ಮಾತ್ರ ನೀಲಿ ಬಣ್ಣದ ನೀರು, ಲೈಟು, ಗಾಜಿನ ಡಬ್ಬಿ ಅಂತ 17,000 ರೂಪಾಯಿ ಅಂದಕ್ಕೇ ಇಟ್ಟಿದ್ದೆ.

ಆರನೇದು ಇದರ ಉಲ್ಟಾ. ನೀರು ಹೆಚ್ಚು, ನೆಲ ಕಡಿಮೆ. ಹೆದರಿಕೊಂಡು ನಾಲ್ಕು ರೇಡಿಯೇಟರ್ ತರೋದೂ ದೋಷವೇ. ದುಡ್ಡು ಸುಮ್ಮನೆ ಕೂರುತ್ತೆ.

ಪಟ್ಟಿ ತಿದ್ದಿದೆ. ಅಂದದ 17,000 ತೆಗೆದೆ. ಮೆತ್ತಗಿನ ಪೈಪು ಸಾಕು. ಮೊದಲಿನದರ ಬದಲು ತಾಮ್ರದ ರೇಡಿಯೇಟರ್ ಎರಡು, ಒಂದು 360, ಒಂದು 240. ಅದಕ್ಕೆ 8,000 ಜಾಸ್ತಿ. ತೂಬಿನ ವಾಲ್ವು, ಗಾಳಿ ಟೆಸ್ಟಿನ ಕೈಪಂಪು 2,000. ಒಟ್ಟು 51,000.

ಹಾಗಾದ್ರೆ ಇವತ್ತೇ ಆರ್ಡರ್ ಮಾಡ್ತೀನಾ? ಇಲ್ಲ. ಯಾಕೆ ಅಂತ ಹೇಳೋಕೆ ರಾಯರ ಕೆರೆಯ ಕಥೆ ಹೇಳಬೇಕು.

ಹೊಸಪೇಟೆಯಿಂದ ಸಂಡೂರಿನ ಕಡೆ ಹೋಗುವಾಗ ಎರಡು ಬೆಟ್ಟಗಳ ನಡುವೆ ಸಿಗುತ್ತಲ್ಲ, ಆ ಭಾರೀ ಏರಿ. ಕೃಷ್ಣದೇವರಾಯ ಕಟ್ಟಿಸಿದ್ದು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಡೊಮಿಂಗೋ ಪೇಸ್, ಇರುವೆಗಳ ಹಾಗೆ ಹದಿನೈದು ಇಪ್ಪತ್ತು ಸಾವಿರ ಜನ ಕೆಲಸ ಮಾಡೋದನ್ನು ನೋಡಿದ. ಕೆರೆ ಎರಡು ಮೂರು ಸಲ ಒಡೆಯಿತು, ಆಗ ರಾಜ 60 ಜನರನ್ನು ಬಲಿ ಕೊಡಿಸಿದ ಅಂತಲೂ ಬರೆದ. ಆಮೇಲೆ ಬಂದ ನುನಿಜ್ ಇನ್ನೊಂದು ಸಂಗತಿ ಬರೆದಿದ್ದಾನೆ. ಗೋವೆಯಿಂದ ಜೊವಾಂವ್ ದೆಲ್ಲಾ ಪೊಂಟೆ ಅನ್ನೋ ಕಲ್ಲುಕೆಲಸದ ಮೇಸ್ತ್ರಿಯನ್ನು ಕರೆಸಿದ್ರು. ಅವನು ಸುಣ್ಣ ಸಿದ್ಧ ಮಾಡಿಸಿ ಅಂದ. ರಾಜ ಜೋರಾಗಿ ನಕ್ಕ.

ಏರಿ ಇವತ್ತೂ ನಿಂತಿದೆ, ಕೆರೆಯಲ್ಲಿ ನೀರಿಲ್ಲ. ಹಂಪಿಯ ಬಾಳೆ ತೋಟಗಳ ನಡುವೆ ಹೋಗೋ ತುರ್ತಾ ಕಾಲುವೆ ಅದಕ್ಕಿಂತ ಎಷ್ಟೋ ಸಣ್ಣದು. ಅದು ಇವತ್ತಿಗೂ ಹರೀತಿದೆ. ಅದನ್ನು ನಂಬಿಕೊಂಡ ಹೊಲ ಇದೆ, ಹೂಳು ತೆಗೆಯೋ ಕೈ ಇದೆ. ನನ್ನ ಲೂಪಿಗೂ ವರ್ಷಕ್ಕೊಮ್ಮೆ ನೀರು ಬದಲಿಸಬೇಕು, ರೇಡಿಯೇಟರಿನ ಕೆಂಪು ಧೂಳು ಊದಬೇಕು. ಅದಕ್ಕೆ ವರ್ಷಕ್ಕೆ 3,000 ಎತ್ತಿಡ್ತೀನಿ. ಆ ಸಾಲು ಇಲ್ಲದ ಪಟ್ಟಿ ಪಟ್ಟಿಯೇ ಅಲ್ಲ.

ಈಗ ಅಮ್ಮನ ಪ್ರಶ್ನೆ. ಅಮ್ಮ ಕೇಳಿದ್ದು ಸರಿಯಾಗೇ ಇತ್ತು. 350 ವಾಟ್ ಶಾಖವನ್ನು ನೀರು ಹೊತ್ತರೂ ಗಾಳಿ ಹೊತ್ತರೂ ಕೊನೆಗೆ ಬೀಳೋದು ಅದೇ ರೂಮಿಗೆ. ರೂಮಿನ ಬಿಸಿ ಹೊರಗೆ ಹೋಗೋ ದಾರಿ ಮಾಡದೆ ಲೂಪು ಕಟ್ಟಿದರೆ, ಹೊಲ ನೋಡದೆ ಕೆರೆ ಕಟ್ಟಿದ ಹಾಗೆ. ಅದಕ್ಕೇ ಈ ಬೇಸಿಗೆಗೆ ಎರಡೇ ಕೆಲಸ: ಗೋಡೆಗೆ ಒಂದು ಎಕ್ಸಾಸ್ಟ್ ಫ್ಯಾನು, ಮಾಳಿಗೆಗೆ ಬಿಸಿಲು ಹಿಂದಕ್ಕೆ ಹೊಡೆಯೋ ಹಾಗೆ ದಪ್ಪಗೆ ಸುಣ್ಣ. ಮಳೆಗಾಲ ಮುಗಿದ ಮೇಲೆ ರೂಮಿನ ಉಷ್ಣ ಅಳೆದು, ಲೂಪೋ ಎಸಿಯೋ ಅಂತ ಅಮ್ಮನ ಜೊತೆ ಕೂತು ತೀರ್ಮಾನ ಮಾಡ್ತೀವಿ.

ಮೊನ್ನೆ ಸುಣ್ಣದ ಚೀಲ ಹೊತ್ತು ಮೆಟ್ಟಿಲು ಹತ್ತುವಾಗ ಅಮ್ಮ ಕೇಳಿದ್ರು, "ಇದೇನೋ, ಕಂಪ್ಯೂಟರಿಗಾ?" ಹೂಂ ಅಂದೆ. ರಾಯರ ಹಾಗೇ ನಕ್ಕರು.

ಅಲ್ಲಿವರೆಗೂ ಫ್ಯಾನಿನ ಸದ್ದು ಸಹಿಸಿಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.