ಆರು ರನ್ನಿನ ಸೋಲು, ನಾಲ್ಕು ವರ್ಷದ ಕಾಯುವಿಕೆ

2017ರ ಡಿಸೆಂಬರ್ ತಿಂಗಳ ಕೊನೆಯ ವಾರ. ನಾನು ನಿವೃತ್ತನಾಗಿ ಕೆಲವೇ ತಿಂಗಳುಗಳಾಗಿದ್ದವು. ಮಲೆ ಮಹದೇಶ್ವರ ಬೆಟ್ಟದ ಬಸ್ಸಿಗಾಗಿ ಕಾಯುತ್ತ ಕೊಳ್ಳೇಗಾಲದ ಟೀ ಅಂಗಡಿಯೊಂದರಲ್ಲಿ ಕುಳಿತಿದ್ದಾಗ, ಹನೂರು ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ನಮಸ್ಕರಿಸಿ ಎದುರಿಗೆ ಕುಳಿತ. ಊರಿನ ಹುಡುಗರ ಕ್ರಿಕೆಟ್ ತಂಡವನ್ನು ಅವನೇ ನಡೆಸುತ್ತಿದ್ದ. ಅವನ ಮುಖದಲ್ಲಿ ಸಾವಿನ ಮನೆಯಿಂದ ಬಂದವನ ಕಳೆಯಿತ್ತು. ಕೋಲ್ಕತ್ತದಲ್ಲಿ ನಡೆದ ರಣಜಿ ಸೆಮಿಫೈನಲ್‌ನಲ್ಲಿ ವಿದರ್ಭದ ಎದುರು 198 ರನ್ ಗುರಿ ಬೆನ್ನಟ್ಟಿದ ಕರ್ನಾಟಕ 192ಕ್ಕೆ ಆಲೌಟಾಗಿ, ಐದೇ ಐದು ರನ್ನುಗಳಿಂದ ಸೋತಿತ್ತು.

"ಎಲ್ರನ್ನೂ ತಗ್ದು ಹಾಕ್ಬೇಕು ಸಾ. ಹೊಸ ಹುಡುಗ್ರನ್ನ ಇಟ್ಕೊಂಡು ಮೊದ್ಲಿಂದ ಕಟ್ಬೇಕು" ಎಂದ.

ಇತಿಹಾಸ ಪಾಠ ಮಾಡಿದವರಿಗೆ ಒಂದು ಕೆಟ್ಟ ಚಾಳಿಯುಂಟು. ಯಾರಾದರೂ "ಮೊದಲಿಂದ" ಎಂದರೆ ಸಾಕು, ಮೊದಲು ಎಲ್ಲಿತ್ತು ಎಂದು ಹುಡುಕಹೊರಡುತ್ತೇವೆ. ಅಂದು ಅವನಿಗೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ನಮ್ಮ ತಂಡದ ಮೊದಲು ಬಹಳ ಹೀನಾಯವಾದದ್ದು. 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯವನ್ನು ಆಡಿದ್ದು ಮದರಾಸು ಮತ್ತು ಮೈಸೂರು. ಮೈಸೂರು 48 ಮತ್ತು 59ಕ್ಕೆ ಉರುಳಿತು. 130 ರನ್ ಮಾಡಿದ್ದ ಮದರಾಸು ಇನ್ನೊಮ್ಮೆ ಬ್ಯಾಟ್ ಹಿಡಿಯಬೇಕಾಗಲೇ ಇಲ್ಲ. ಪಂದ್ಯ ಒಂದೇ ದಿನದಲ್ಲಿ ಮುಗಿಯಿತು. ಮುಂದೆ 1941-42ರಲ್ಲಿಯೂ 1959-60ರಲ್ಲಿಯೂ ಮೈಸೂರು ಫೈನಲ್ ತಲುಪಿತು. ಎರಡು ಬಾರಿಯೂ ಬೊಂಬಾಯಿ ತಂಡದ ಎದುರು ಸೋತಿತು. 1958-59ರಿಂದ 1972-73ರವರೆಗೆ ಹದಿನೈದು ವರ್ಷ ಬಿಡದೆ ಟ್ರೋಫಿ ಬೊಂಬಾಯಿಯ ಮನೆಯ ಪಾತ್ರೆಯಂತಾಗಿತ್ತು.

ಆ ಸರಪಳಿ ಕಡಿದದ್ದು 1974ರ ಮಾರ್ಚಿಯಲ್ಲಿ, ಬೆಂಗಳೂರಿನ ಸೆಮಿಫೈನಲ್‌ನಲ್ಲಿ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಆಗಿನ್ನೂ ಐದು ತಿಂಗಳು ತುಂಬಿರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ತಲೆಯ ಮೇಲಿದ್ದರೂ ನಾನು ಸಂಜೆಯಾದರೆ ರೇಷ್ಮೆ ವ್ಯಾಪಾರಿಯೊಬ್ಬರ ಅಂಗಡಿಯ ಜಗಲಿಯ ಬಳಿ ನಿಂತು, ರೇಡಿಯೊದ ಪ್ರದೇಶ ಸಮಾಚಾರಕ್ಕೆ ಕಿವಿಗೊಡುತ್ತಿದ್ದೆ. ಜಿ.ಆರ್. ವಿಶ್ವನಾಥ್ 162 ರನ್ ಹೊಡೆದದ್ದು, ಬ್ರಿಜೇಶ್ ಪಟೇಲರ ಶತಕ, ಪ್ರಸನ್ನ ಅವರು ಗಾವಸ್ಕರ್‌ರನ್ನು ಬೌಲ್ಡ್ ಮಾಡಿದ್ದು, ಬೊಂಬಾಯಿಯ ನಾಯಕ ವಾಡೇಕರ್ ಓಡುವಾಗ ಜಾರಿ ರನ್ ಔಟಾದದ್ದು, ಇವೆಲ್ಲ ಮರುದಿನದ ಪತ್ರಿಕೆ ಕೈಗೆ ಬಂದ ಮೇಲೆ ತಿಳಿದ ವಿವರಗಳು. ಮೊದಲ ಇನಿಂಗ್ಸಿನ ಮುನ್ನಡೆಯ ಬಲದಿಂದ ಕರ್ನಾಟಕ ಫೈನಲ್‌ಗೆ ಹೋಗಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ಟ್ರೋಫಿ ತಂದಿತು. 1934ರ ಆ ದಿನದಿಂದ ಲೆಕ್ಕ ಹಾಕಿದರೆ ಸುಮಾರು ನಲವತ್ತು ವರ್ಷ!

ಆ ತಂಡದ ನಾಯಕ ಪ್ರಸನ್ನ ಅವರದೇ ಒಂದು ಕಥೆಯಿದೆ. 1962ರ ವೆಸ್ಟ್ ಇಂಡೀಸ್ ಪ್ರವಾಸದಿಂದ ಬಂದವರು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದು ಮುಗಿಸುವುದಕ್ಕಾಗಿ ಸುಮಾರು ಐದು ವರ್ಷ ಟೆಸ್ಟ್ ಕ್ರಿಕೆಟ್ಟಿನಿಂದ ದೂರವಿದ್ದರು. ಇಂದಿನ ಲೆಕ್ಕದಲ್ಲಿ ಅಂಥವನನ್ನು ಮರೆತೇಬಿಡುತ್ತಾರೆ. ಮರೆತಿದ್ದರೆ 1974 ಇರುತ್ತಿರಲಿಲ್ಲ.

1977-78 ಮತ್ತು 1982-83ರ ಗೆಲುವುಗಳನ್ನು ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇನೆ. 1995-96, 1997-98, 1998-99ರಲ್ಲಿ ಮತ್ತೆ ಮೂರು ಟ್ರೋಫಿಗಳು ಬಂದವು. ಕುಂಬ್ಳೆ, ಶ್ರೀನಾಥ್, ದ್ರಾವಿಡ್, ವೆಂಕಟೇಶ್ ಪ್ರಸಾದ್, ಜೋಶಿ ಅವರ ಕಾಲವದು. ಕೊನೆಯ ಸಲದ ಫೈನಲ್‌ನಲ್ಲಿ ಮಧ್ಯಪ್ರದೇಶಕ್ಕೆ ಮುನ್ನಡೆ ಬಿಟ್ಟುಕೊಟ್ಟೂ, ವಿಜಯ್ ಭಾರದ್ವಾಜ್ 24 ರನ್ನಿಗೆ 6 ವಿಕೆಟ್ ಕಿತ್ತದ್ದರಿಂದ ಗೆದ್ದೆವು. ನಮ್ಮ ಸೀಮೆಯಲ್ಲಾದರೋ ಅವು ವೀರಪ್ಪನ್ ಕಾಲದ ದಿನಗಳು. ಕತ್ತಲಾದ ಮೇಲೆ ಬೆಟ್ಟದ ದಾರಿಯಲ್ಲಿ ಓಡಾಡಲು ಜನ ಅಂಜುತ್ತಿದ್ದರು. ಗೆದ್ದ ಸುದ್ದಿಯನ್ನು ಮನೆಯೊಳಗೆ ಕುಳಿತೇ ಸಂಭ್ರಮಿಸಿದೆವು.

ಆಮೇಲೆ ಹದಿನೈದು ವರ್ಷ ಬರಗಾಲ. ಕಾರಣ ಹೇಳುವವರು ಬಹಳ. ನನ್ನ ಅಭಿಪ್ರಾಯ ಇಷ್ಟೆ: ದೊಡ್ಡವರು ಭಾರತ ತಂಡಕ್ಕೆ ಹೋದರು, ಕ್ರಮೇಣ ವಯಸ್ಸೂ ಆಯಿತು. ಅವರು ತಂಡದಲ್ಲಿದ್ದಾಗಲೇ ಅವರ ಮಗ್ಗುಲಲ್ಲಿ ಕಿರಿಯರನ್ನು ಸಾಕಷ್ಟು ಸಂಖ್ಯೆಯಲ್ಲಿ ಪಳಗಿಸಿರಲಿಲ್ಲ. ಗೆಲ್ಲುತ್ತಿರುವಾಗ ಕಣಜ ತುಂಬಿದೆಯೆಂದೇ ತೋರುತ್ತದೆ, ತಳ ಕಾಣುವುದು ಆಮೇಲೆ.

ಈಗ 2010ರ ಜನವರಿಗೆ ಬರುತ್ತೇನೆ. ಮೈಸೂರಿನ ಮಾನಸಗಂಗೋತ್ರಿಯ ಗ್ಲೇಡ್ಸ್ ಮೈದಾನದಲ್ಲಿ ಮುಂಬಯಿ ಎದುರು ಫೈನಲ್. ಸಂಕ್ರಾಂತಿಗೆ ರಜೆ ಇದ್ದುದರಿಂದ ನಾನೂ ಹೋಗಿದ್ದೆ. ಮೊದಲ ಇನಿಂಗ್ಸಿನಲ್ಲಿ 130ಕ್ಕೆ ಕುಸಿದಿದ್ದ ಕರ್ನಾಟಕಕ್ಕೆ ಗೆಲ್ಲಲು 338 ಬೇಕಿತ್ತು. ಇಪ್ಪತ್ತು ವರ್ಷದ ಮನೀಶ್ ಪಾಂಡೆ 144 ಹೊಡೆದ. ಗಣೇಶ್ ಸತೀಶ್ ಜೊತೆಯಾಗಿ ನಿಂತ. ಮರದ ಕೊಂಬೆಗಳ ಮೇಲೂ ಜನ. ಎಳ್ಳುಬೆಲ್ಲದ ಪೊಟ್ಟಣವನ್ನು ಅಪರಿಚಿತರು ಒಬ್ಬರಿಗೊಬ್ಬರು ಹಂಚುತ್ತಿದ್ದರು. 331ಕ್ಕೆ ಕೊನೆಯ ವಿಕೆಟ್ ಬಿದ್ದಿತು. ಆರು ರನ್ನಿನ ಸೋಲು. ಅಷ್ಟು ಜನರಿದ್ದ ಮೈದಾನದಲ್ಲಿ ಅಂಥ ಮೌನವನ್ನು ನಾನು ಮತ್ತೆ ಕೇಳಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ನನ್ನ ಪಕ್ಕದವರು ಹೇಳಿದ್ದೂ ಇದನ್ನೇ: "ಎಲ್ರನ್ನೂ ತೆಗೀಬೇಕು."

ತೆಗೆಯಲಿಲ್ಲ ಎಂಬುದೇ ಮುಂದಿನ ನಾಲ್ಕು ವರ್ಷಗಳ ಇತಿಹಾಸ. 2010-11ರ ಸೆಮಿಫೈನಲ್‌ನಲ್ಲಿ ಬರೋಡ, ಮರುವರ್ಷದ ಕ್ವಾರ್ಟರ್ ಫೈನಲ್‌ನಲ್ಲಿ ಹರಿಯಾಣ, ಅದರ ಮರುವರ್ಷ ಸೌರಾಷ್ಟ್ರ ನಮ್ಮನ್ನು ಹೊರಹಾಕಿದವು. ಸಿಟ್ಟಿನಿಂದ ಪಟ್ಟಿ ಹರಿಯಲು ಮೂರು ಸಲ ನೆಪ ಸಿಕ್ಕಿತ್ತು. ಆದರೂ ಮೈಸೂರಿನಲ್ಲಿ ಸೋತ ವಿನಯ್ ಕುಮಾರ್, ಉತ್ತಪ್ಪ, ಪಾಂಡೆ, ಮಿಥುನ್, ಗಣೇಶ್ ಸತೀಶ್ ಮುಂತಾದವರು ಉಳಿದರು. ಅವರ ನಡುವೆ ಒಬ್ಬೊಬ್ಬರಾಗಿ ಕೆ.ಎಲ್. ರಾಹುಲ್, ಕರುಣ್ ನಾಯರ್, ಶ್ರೇಯಸ್ ಗೋಪಾಲ್ ಬಂದು ಸೇರಿದರು. ಮಂಗಳೂರು ಕಡೆಯ ಹುಡುಗ ರಾಹುಲ್ ಮೊದಲ ರಣಜಿ ಪಂದ್ಯ ಆಡಿದ್ದು 2010-11ರಲ್ಲಿ. ಒಂದೇ ಋತುವಿನಲ್ಲಿ ಸಾವಿರ ರನ್ ದಾಟಿದ್ದು 2013-14ರಲ್ಲಿ. ನಡುವಿನ ಕಾಲವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

2010ರ ನವೆಂಬರಿನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಗೆ ಕುಂಬ್ಳೆ ಅಧ್ಯಕ್ಷರಾಗಿಯೂ ಶ್ರೀನಾಥ್ ಕಾರ್ಯದರ್ಶಿಯಾಗಿಯೂ ಆರಿಸಿಬಂದಿದ್ದರು. ಅವರ ಅವಧಿಯಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ನಡೆಯಲಿಲ್ಲ. ಬೆಂಗಳೂರಿನ ಹೊರಗಿನ ಮೈದಾನಗಳ ಕಡೆಗೆ ಗಮನ ಹರಿಯಿತು, ಹುಬ್ಬಳ್ಳಿಯ ರಾಜನಗರದ ಮೈದಾನಕ್ಕೆ 2012ರಲ್ಲಿ ರಣಜಿ ಪಂದ್ಯ ಬಂದಿತು. 2013ರ ಕೊನೆಗೆ ಆಡಳಿತ ಬೇರೆಯವರ ಕೈಗೆ ಹೋಯಿತು, ಬ್ರಿಜೇಶ್ ಪಟೇಲರು ಕಾರ್ಯದರ್ಶಿಯಾದರು. ಗೆಲುವು ಯಾರ ಖಾತೆಗೆ ಎಂದು ಎರಡೂ ಬಣದವರು ವಾದಿಸಲಿ. ಬಿತ್ತಿದವನು ಒಬ್ಬ, ಒಕ್ಕಣೆಗೆ ಬಂದವನು ಇನ್ನೊಬ್ಬ ಎಂಬುದು ನಮ್ಮ ಹೊಲಗಳಲ್ಲೂ ಇದ್ದದ್ದೇ.

2013-14ರಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಏಳು ವಿಕೆಟ್‌ಗಳಿಂದ ಸೋಲಿಸಿದೆವು. ಮರುವರ್ಷ ಮುಂಬಯಿಯ ವಾಂಖೆಡೆಯಲ್ಲಿ ತಮಿಳುನಾಡಿನ ಎದುರು ಇನಿಂಗ್ಸ್ ಮತ್ತು 217 ರನ್ನುಗಳ ಜಯ. ಕರುಣ್ ನಾಯರ್ 328, ರಾಹುಲ್ 188. ನಾಯಕ ವಿನಯ್ ಕುಮಾರ್ ಶತಕವನ್ನೂ ಹೊಡೆದು ಐದು ವಿಕೆಟ್ಟನ್ನೂ ಕಿತ್ತರು. ಎರಡೂ ವರ್ಷ ಇರಾನಿ ಕಪ್ ಮತ್ತು ವಿಜಯ್ ಹಜಾರೆ ಟ್ರೋಫಿಗಳೂ ನಮ್ಮವೇ ಆದವು. ಮೈಸೂರಿನಲ್ಲಿ ಆರು ರನ್ನಿಗೆ ಸೋತವರನ್ನು ಮರುದಿನವೇ ಮನೆಗೆ ಕಳಿಸಿದ್ದರೆ, ಹೊಸ ಹುಡುಗರು ಯಾರನ್ನು ನೋಡಿ ಕಲಿಯಬೇಕಿತ್ತು?

ಇದನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ, ಅದು ನನ್ನದೇ ತಪ್ಪು. ತೊಂಬತ್ತರ ದಶಕದಲ್ಲಿ ಕಾಡಂಚಿನ ಒಂದು ಪ್ರೌಢಶಾಲೆಯಲ್ಲಿದ್ದಾಗ ಹುಡುಗರ ತಂಡದ ಹೊಣೆ ನನ್ನ ಮೇಲಿತ್ತು. ಕೊಳ್ಳೇಗಾಲದ ಟೆನಿಸ್ ಚೆಂಡಿನ ಪಂದ್ಯಾವಳಿಯೊಂದರ ಫೈನಲ್‌ನಲ್ಲಿ ಮೂರು ರನ್ನಿನಿಂದ ಸೋತೆವು. ಸೋಲಿಗರ ಪೋಡಿನಿಂದ ನಡೆದು ಬರುತ್ತಿದ್ದ ಹುಡುಗನೊಬ್ಬ ಕೊನೆಯಲ್ಲಿ ಸುಮ್ಮನೆ ಓಡಿ ರನ್ ಔಟಾಗಿದ್ದ. ನಮ್ಮಲ್ಲಿ ಅವನಷ್ಟು ವೇಗವಾಗಿ ಚೆಂಡೆಸೆಯುವವರು ಇರಲಿಲ್ಲ. ಮರುವರ್ಷ ಅವನನ್ನೂ ಸೇರಿಸಿ ಐವರನ್ನು ಕೈಬಿಟ್ಟೆ. ಹೊಸ ತಂಡ ಮೊದಲ ಪಂದ್ಯದಲ್ಲೇ ಸೋತು ಬಂದಿತು. ಕೆಲವು ವರ್ಷಗಳ ನಂತರ ದೀಪಾವಳಿ ಜಾತ್ರೆಯಲ್ಲಿ ಬೆಟ್ಟದ ಮೇಲೆ ಸಿಕ್ಕ. ಈಗಲೂ ಆಡುತ್ತೀಯಾ ಎಂದು ಕೇಳಿದೆ. "ನೀವೇ ಬ್ಯಾಡ ಅಂದ್ರಲ್ಲ ಸಾ" ಎಂದ. ಮಾತಿನಲ್ಲಿ ಕೋಪವಿರಲಿಲ್ಲ.

ಟೀ ಅಂಗಡಿಯಲ್ಲಿ ಕುಳಿತಿದ್ದ ನನ್ನ ವಿದ್ಯಾರ್ಥಿಗೆ ಆ ಹುಡುಗ ಗೊತ್ತಿದ್ದ. ಇಬ್ಬರೂ ಒಂದೇ ತರಗತಿಯವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನ ಮಗ ಈಗ ನಮ್ ಟೀಮಲ್ಲವ್ನೆ ಸಾ, ಅಪ್ಪನಂಗೇ ಬೌಲಿಂಗು" ಎಂದ. ಹೋದ ಪಂದ್ಯದಲ್ಲಿ ಎರಡು ಕ್ಯಾಚ್ ಬಿಟ್ಟನಂತೆ. ಮೈಸೂರಿನ ಆಯ್ಕೆ ಶಿಬಿರಕ್ಕೆ ಕಳಿಸಬೇಕೆಂದರೆ ಬೆಟ್ಟದಿಂದ ಸುಮಾರು 150 ಕಿಲೋಮೀಟರ್, ಬೆಳಗ್ಗೆ ಅಲ್ಲಿರಲು ಹಿಂದಿನ ದಿನವೇ ಹೊರಡಬೇಕು, ರಾತ್ರಿ ಉಳಿಯಲು ಜಾಗವಿಲ್ಲ. ಮೈಸೂರಿನಲ್ಲಿರುವ ನನ್ನ ತಂಗಿಯ ಮನೆಯ ವಿಳಾಸವನ್ನು ಅವನ ಕೈಯಲ್ಲಿದ್ದ ಪತ್ರಿಕೆಯ ಅಂಚಿನಲ್ಲಿ ಬರೆದುಕೊಟ್ಟೆ. ಅಷ್ಟರಲ್ಲಿ ಬೆಟ್ಟದ ಬಸ್ಸು ಬಂದಿತು.