ಅತಿವಾಹಕ ಕಾಂತಗಳು: ಕಣ ವೇಗವರ್ಧಕಗಳಲ್ಲಿ

ವೇಗವರ್ಧಕದೊಳಗೆ ಪ್ರೋಟಾನುಗಳ ಹಾದಿಯನ್ನು ಬಾಗಿಸಲು ಮತ್ತು ಪುಂಜ ಚದುರದಂತೆ ಹಿಡಿದಿಡಲು ಬಳಸುವ, ಅತಿಶೀತದಲ್ಲಿ ವಿದ್ಯುತ್ ರೋಧವಿಲ್ಲದ ತಂತಿಯಿಂದ ಸುತ್ತಿದ ವಿದ್ಯುತ್ಕಾಂತಗಳು. ಸಾಮಾನ್ಯ ಕಾಂತದ ಕಬ್ಬಿಣ ಸುಮಾರು 2 ಟೆಸ್ಲಾಕ್ಕೆ ಪರ್ಯಾಪ್ತವಾಗುವುದರಿಂದ ಇವು ಬೇಕಾದವು.

1911ರಲ್ಲಿ ಲೈಡನ್ನಿನ ಕಾಮರ್ಲಿಂಗ್ ಓನ್ನೆಸ್ ಅತಿವಾಹಕತೆಯನ್ನು ಕಂಡುಹಿಡಿದರು. ಆದರೆ ಅವರ ಸೀಸದ ಸುರುಳಿ ಅಲ್ಪ ಕಾಂತಕ್ಷೇತ್ರದಲ್ಲೇ ಆ ಗುಣ ಕಳೆದುಕೊಂಡಿತು. ಮೊದಲ ಉಪಯುಕ್ತ ಕಾಂತದ ಕೀರ್ತಿ ಯಾರದೆಂಬಲ್ಲಿ ಆಕರಗಳಲ್ಲಿ ಒಮ್ಮತವಿಲ್ಲ. ಹಲವು ಪಠ್ಯಗಳು ಕಥೆಯನ್ನು 1961ರಿಂದ ಆರಂಭಿಸುತ್ತವೆ. ಬೆಲ್ ಪ್ರಯೋಗಾಲಯದಲ್ಲಿ ಕುನ್ಸ್ಲರ್ ತಂಡ ನಿಯೋಬಿಯಂ-ತವರ ಸಂಯುಕ್ತವು 8.8 ಟೆಸ್ಲಾದಲ್ಲೂ ಭಾರಿ ವಿದ್ಯುತ್ತನ್ನು ಹೊರುತ್ತದೆಂದು ತೋರಿಸಿದ ವರ್ಷವದು. ಅದಕ್ಕೂ ಮುನ್ನವೇ ಇಲಿನಾಯ್ ವಿಶ್ವವಿದ್ಯಾಲಯದ ಜಾರ್ಜ್ ಇಂಟೆಮಾ ನಿಯೋಬಿಯಂ ತಂತಿಯಿಂದ ಸುಮಾರು 0.7 ಟೆಸ್ಲಾ ಪಡೆದಿದ್ದರು. ಅವರ ವರದಿ 1955ರಲ್ಲಿ ಕಿರು ಸಾರಾಂಶವಾಗಿಯಷ್ಟೇ ಅಚ್ಚಾದ್ದರಿಂದ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಕಾಲಾನುಕ್ರಮದಲ್ಲಿ ಮೊದಲ ಸ್ಥಾನ ಇಂಟೆಮಾ ಅವರದೇ.

ವೇಗವರ್ಧಕಗಳ ಮಟ್ಟಿಗೆ ನಿಜವಾದ ತಿರುವು ತಂತಿಯನ್ನು ಹೊಸೆದ ರೀತಿಯಲ್ಲಿದೆ. ತಂತಿ ಕೂದಲೆಳೆಯಷ್ಟು ಸರಿದರೂ ಹುಟ್ಟುವ ಶಾಖಕ್ಕೆ ಅತಿವಾಹಕತೆ ಅಳಿಯುತ್ತದೆ; ಇದೇ ಕ್ವೆಂಚ್. ಬ್ರಿಟನ್ನಿನ ರುದರ್‌ಫರ್ಡ್ ಪ್ರಯೋಗಾಲಯ ನಿಯೋಬಿಯಂ-ಟೈಟಾನಿಯಂನ ಸೂಕ್ಷ್ಮ ಎಳೆಗಳಿರುವ ತಂತಿಗಳನ್ನು ಹೊಸೆದು ಚಪ್ಪಟೆ ಕೇಬಲ್ ರೂಪಿಸಿತು. ಅಮೆರಿಕದ ಫರ್ಮಿಲ್ಯಾಬ್ ಅದನ್ನೇ ಆರಿಸಿ, ಸುರುಳಿಯನ್ನು ಉಕ್ಕಿನ ಪಟ್ಟಿಗಳಲ್ಲಿ ಬಿಗಿದು ಟೆವಟ್ರಾನ್ ವೇಗವರ್ಧಕವನ್ನು ಕಟ್ಟಿತು. ಅಮೆರಿಕದ್ದೇ ಆದ ಬ್ರೂಕ್‌ಹೇವನ್ ಪ್ರಯೋಗಾಲಯದ ಇಸಬೆಲ್ ವೇಗವರ್ಧಕ ಯೋಜನೆ ತಂತಿ ಹೆಣೆದ ಪಟ್ಟಿಯನ್ನು ನೆಚ್ಚಿತು. ಅದರ ಕಾಂತಗಳು ಗುರಿಯಾದ 5 ಟೆಸ್ಲಾ ಮುಟ್ಟದೆ ವರ್ಷಗಳು ಕಳೆದವು. 1983ರಲ್ಲಿ ಟೆವಟ್ರಾನ್ 512 ಜಿಇವಿ (ಗಿಗಾ ಎಲೆಕ್ಟ್ರಾನ್‌ವೋಲ್ಟ್) ಶಕ್ತಿ ತಲುಪಿತು, ಇಸಬೆಲ್ ಕೈಬಿಡಲಾಯಿತು. ಕಾಂತಗಳು ಸೋತದ್ದರಿಂದಲೇ ಇಸಬೆಲ್ ನಿಂತಿತೆಂಬ ಮಾತು ಅರ್ಧಸತ್ಯ. ಬ್ರೂಕ್‌ಹೇವನ್ನಿನ ರಾಬರ್ಟ್ ಪಾಮರ್ ತಂಡ ಫರ್ಮಿಲ್ಯಾಬ್ ಮಾದರಿಯ ಕೇಬಲ್ಲಿನಿಂದ 1981ರಲ್ಲೇ ಆ ಗುರಿ ದಾಟಿತ್ತು. ಆದರೆ ಸಮಯ ಮೀರಿತ್ತು. ಇಸಬೆಲ್ ಹುಡುಕಬೇಕಿದ್ದ ಡಬ್ಲ್ಯು ಮತ್ತು ಝಡ್ ಕಣಗಳು 1983ರಲ್ಲಿ ಯುರೋಪಿನ ಸರ್ನ್‌ನಲ್ಲಿ ಸಿಕ್ಕವು.

ಮುಂದೆ ಹ್ಯಾಂಬರ್ಗಿನ ಹೇರಾ, ಬ್ರೂಕ್‌ಹೇವನ್ನಿನ ರಿಕ್ ವೇಗವರ್ಧಕಗಳು ರುದರ್‌ಫರ್ಡ್ ಬಗೆಯ ಕೇಬಲ್ಲಿನಿಂದಲೇ ನಡೆದವು. ಸರ್ನ್‌ನ ಎಲ್‌ಎಚ್‌ಸಿ ವೇಗವರ್ಧಕದಲ್ಲಿ ಪುಂಜವನ್ನು ಬಾಗಿಸುವ 1232 ದ್ವಿಧ್ರುವ ಕಾಂತಗಳಿವೆ. 1.9 ಕೆಲ್ವಿನ್‌ನ ಅತಿದ್ರವ ಹೀಲಿಯಂನಲ್ಲಿ ಮುಳುಗಿರುವ ಇವುಗಳ ವಿನ್ಯಾಸ ಕ್ಷೇತ್ರ 8.33 ಟೆಸ್ಲಾ. ಇಂದೋರಿನ ರಾಜಾ ರಾಮಣ್ಣ ಕೇಂದ್ರದ ಮೂಲಕ ಭಾರತ ಇದಕ್ಕೆ ಸರಿಪಡಿಸುವ ಕಿರು ಕಾಂತಗಳನ್ನು ಒದಗಿಸಿತು. ಎಲ್‌ಎಚ್‌ಸಿಯಲ್ಲಿ 2008ರ ಸೆಪ್ಟೆಂಬರ್ 19ರಂದು ನಡೆದ ಅವಘಡದ ಮೂಲ ಕಾಂತದ ಸುರುಳಿಯಲ್ಲಿರಲಿಲ್ಲ. ಎರಡು ಕಾಂತಗಳ ನಡುವಿನ ವಿದ್ಯುತ್ ಬೆಸುಗೆಯಲ್ಲಿತ್ತು.

ನಿಯೋಬಿಯಂ-ಟೈಟಾನಿಯಂ ತನ್ನ ಮಿತಿ ಮುಟ್ಟಿದ್ದರಿಂದ, ಎಲ್‌ಎಚ್‌ಸಿಯ ಉನ್ನತೀಕರಣಕ್ಕೆ ಪುಂಜವನ್ನು ಹಿಡಿದಿಡುವ ನಿಯೋಬಿಯಂ-ತವರದ ಚತುರ್ಧ್ರುವ ಕಾಂತಗಳನ್ನು ಆರಿಸಲಾಗಿದೆ. ಈ ಸಂಯುಕ್ತ ಪೆಡಸು. ಹಾಗಾಗಿ ಸುರುಳಿ ಸುತ್ತಿದ ಮೇಲಷ್ಟೇ ಕುಲುಮೆಯಲ್ಲಿ ಸುಮಾರು 650 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅದನ್ನು ಅತಿವಾಹಕವಾಗಿಸುತ್ತಾರೆ.